ಒಂಬತ್ತು ಜನರ ಹಬ್ಬ

ಶಿಷ್ಯ ಕೇಳಿದ: "ಗುರುಗಳೇ, ಹೊಸ ವರ್ಷ ಹತ್ತಿರ ಬಂತು. ನಮ್ಮ ಸಭಾಮಂದಿರಕ್ಕೆ ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸಮುದಾಯವನ್ನು ಮತ್ತೆ ಕಟ್ಟಬೇಕು. ಎಲ್ಲಿಂದ ಶುರು ಮಾಡಲಿ?"

ಶಿಷ್ಯನ ಹೆಸರು ನಿಸ್ಸೀಮ್. ಆ ವರ್ಷದ ಹಬ್ಬದ ಹೊಣೆ ಅವನ ಮೇಲಿತ್ತು. ಮಂದಿರದ ಗೋಡೆಗೆ ಸುಣ್ಣ ಹೊಡೆಸಿದ್ದ. ದೀಪಗಳನ್ನು ತಿಕ್ಕಿಸಿದ್ದ. ಊಟಕ್ಕೆ ಅಡಿಗೆಯವರನ್ನು ಗೊತ್ತುಮಾಡಿದ್ದ. ಇಂಪಾಗಿ ಪ್ರಾರ್ಥನೆ ಹಾಡುವವನೊಬ್ಬನನ್ನು ದೂರದ ಊರಿನಿಂದ ಕರೆಸುವ ಯೋಚನೆಯೂ ಇತ್ತು. ಎಲ್ಲವನ್ನೂ ಗುರುಗಳ ಮುಂದೆ ಹೇಳಿಕೊಂಡ.

ರಹಮೀಮ್ ಗುರುಗಳು ಪೂರ್ತಿ ಕೇಳಿದರು. ಆಮೇಲೆ ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಕೊಂಕಣದ ಕರಾವಳಿಯಲ್ಲಿ ಒಂದು ಊರು. ಅಲ್ಲಿ ನಮ್ಮ ಯಹೂದಿ ಜನರ ಒಂದಿಷ್ಟು ಮನೆಗಳಿದ್ದವು. ಹೆಚ್ಚಿನವರು ಗಾಣಿಗರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಸುತ್ತಲಿನವರು ಅವರನ್ನು ಶನಿವಾರದ ಗಾಣಿಗರು ಎನ್ನುತ್ತಿದ್ದರು. ಅವರಲ್ಲಿ ಎಲ್ಲೋಜಿ ಎಂಬವನು ಮುಖ್ಯನಾದವನು. ಅಳತೆಯಲ್ಲಿ ಮೋಸ ಮಾಡಿದವನಲ್ಲ. ಮಂದಿರದ ದೀಪಕ್ಕೆ ಎಣ್ಣೆ ಅವನದೇ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುತ್ತಿದ್ದವನೂ ಅವನೇ. ಒಳ್ಳೆಯ ಮನುಷ್ಯ. ಇದನ್ನು ಮರೆಯಬೇಡ.

ಅದೇ ಊರಿನಲ್ಲಿ ಸಫಿರಾಬಾಯಿ ಎಂಬ ಹೆಂಗಸಿದ್ದಳು. ಗಂಡ ಬಡಗಿ, ಎಲ್ಲೋಜಿಯ ಸ್ನೇಹಿತ. ಜ್ವರ ಬಂದು ತೀರಿಕೊಂಡಿದ್ದ. ಇಬ್ಬರು ಗಂಡುಮಕ್ಕಳು, ಇನ್ನೂ ಚಿಕ್ಕವರು. ಬಟ್ಟೆ ಹೊಲಿದು ಅವಳು ಅವರನ್ನು ಸಾಕುತ್ತಿದ್ದಳು. ಪ್ರಾಯಶ್ಚಿತ್ತದ ದಿನ ನಮ್ಮವರು ಉಡುವ ಬಿಳಿಯ ಬಟ್ಟೆಗಳನ್ನು ಆ ಊರಿನಲ್ಲಿ ಹೊಲಿಯುತ್ತಿದ್ದವಳು ಅವಳೇ. ಅವಳ ತಾಯಿ ಬೇರೆ ಜನರಿಂದ ಬಂದು ನಮ್ಮವರನ್ನು ಮದುವೆಯಾಗಿದ್ದಳು. ಅದು ಎಲ್ಲರಿಗೂ ತಿಳಿದಿತ್ತು. ಯಾರೂ ಆಡುತ್ತಿರಲಿಲ್ಲ.

ಒಂದು ಸಲ ಎಲ್ಲೋಜಿಯ ಮಗ ದೊಡ್ಡ ಕಾಯಿಲೆಯಿಂದ ಎದ್ದ. ಎಲ್ಲೋಜಿ ಹರಕೆ ತೀರಿಸಲು ಮನೆಯಲ್ಲಿ ಮಲಿದಾ ಮಾಡಿಸಿದ. ಮಲಿದಾ ಅಂದರೆ ಅವಲಕ್ಕಿಗೆ ಬೆಲ್ಲ, ತೆಂಗಿನಕಾಯಿ, ಹಣ್ಣು ಕಲಸಿ ದೇವರಿಗೆ ಕೃತಜ್ಞತೆ ಹೇಳಿ ಹಂಚಿಕೊಳ್ಳುವುದು. ಆ ಊರಿನಲ್ಲಿ ಅದನ್ನು ಒಂದೇ ದೊಡ್ಡ ಪರಾತದಲ್ಲಿಟ್ಟು ಎಲ್ಲರೂ ಕೈ ಹಾಕಿ ತಿನ್ನುವುದು ವಾಡಿಕೆ. ಊರಿನ ನಮ್ಮವರೆಲ್ಲ ಬಂದಿದ್ದರು. ಬೇರೆ ಊರಿನ ಒಬ್ಬ ಶ್ರೀಮಂತ ವ್ಯಾಪಾರಿಯೂ ಬಂದಿದ್ದ. ಅವನ ಮಗಳನ್ನು ಎಲ್ಲೋಜಿಯ ಮಗನಿಗೆ ತರುವ ಮಾತು ನಡೆದಿತ್ತು.

ಪ್ರಾರ್ಥನೆ ಮುಗಿಯಿತು. ಜನ ಪರಾತದ ಸುತ್ತ ಕೂತರು. ಸಫಿರಾಬಾಯಿಯೂ ಮಕ್ಕಳೊಡನೆ ಕೂತಳು. ವ್ಯಾಪಾರಿ ಎಲ್ಲೋಜಿಯ ಕಡೆ ಬಾಗಿ, ಆ ಹೆಂಗಸು ಯಾರ ಪೈಕಿ ಎಂದು ಮೆಲ್ಲಗೆ ಕೇಳಿದ. ಕೇಳಿದ್ದು ಅಷ್ಟೇ. ಎಲ್ಲೋಜಿಗೆ ಭಯವಾಯಿತು. ಸಂಬಂಧ ತಪ್ಪಿಹೋದೀತು ಎನ್ನಿಸಿತು. ಅವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಸಫಿರಾಬಾಯಿ, ನಿನಗೂ ಮಕ್ಕಳಿಗೂ ಬೇರೆ ಎಲೆಯಲ್ಲಿ ಹಾಕಿಸುತ್ತೇನೆ. ಆ ಕಡೆ ಕೂತ್ಕೋ."

ಅಷ್ಟರಲ್ಲಿ ಹಿರಿಯ ಹುಡುಗ ಪರಾತಕ್ಕೆ ಕೈ ಹಾಕಿದ್ದ. ಸಫಿರಾಬಾಯಿ ಅವನ ಕೈ ಹಿಡಿದು ತೆಗೆದಳು. ಸೆರಗಿನಿಂದ ಬೆರಳು ಒರೆಸಿದಳು. ಮಕ್ಕಳನ್ನು ಕರೆದುಕೊಂಡು ಎದ್ದುಹೋದಳು.

ಕೂತಿದ್ದವರಲ್ಲಿ ಯಾರೂ ಅವಳನ್ನು ಕರೆಯಲಿಲ್ಲ. ಮನೆಯ ಯಜಮಾನನ ಮಾತಿಗೆ ನಾವೇಕೆ ಅಡ್ಡ ಬರಬೇಕು ಎಂದುಕೊಂಡರು. ಮಲಿದಾ ಚೆನ್ನಾಗಿತ್ತು ಎಂದು ಒಬ್ಬರು ಹೇಳಿದರು. ಉಳಿದವರು ಹೌದೆಂದರು.

ಸಂಬಂಧ ಕೂಡಿತು. ಮದುವೆಯಾಯಿತು. ಮಗ ಮಾವನ ವ್ಯಾಪಾರ ನೋಡಿಕೊಂಡು ಹೆಂಡತಿಯ ಊರಿನಲ್ಲೇ ಉಳಿದ.

ಸಫಿರಾಬಾಯಿ ಮಂದಿರಕ್ಕೆ ಬರುವುದನ್ನು ಬಿಟ್ಟಳು. ಹೊಲಿಗೆ ಬಿಡಲಿಲ್ಲ. ಜನ ಬಟ್ಟೆ ಕೊಟ್ಟು ಹೋಗುತ್ತಿದ್ದರು, ಹೊಲಿದದ್ದನ್ನು ತೆಗೆದುಕೊಂಡು ಹೋಗುತ್ತಿದ್ದರು. ಬಾಗಿಲಲ್ಲೇ ಮಾತು ಮುಗಿಯುತ್ತಿತ್ತು.

ಹೊಸ ವರ್ಷ ಬಂತು. ಅದಾದ ಮೇಲೆ ಪ್ರಾಯಶ್ಚಿತ್ತದ ದಿನ. ಹಿಂದಿನವರು ಅದನ್ನು ಬಾಗಿಲು ಹಾಕುವ ಹಬ್ಬ ಎನ್ನುತ್ತಿದ್ದರು. ಅಂದು ಎಲ್ಲರೂ ಬಿಳಿ ಉಟ್ಟು, ಉಪವಾಸವಿದ್ದು, ಮನೆಯ ಬಾಗಿಲು ಹಾಕಿಕೊಂಡು ದೇವರ ಮುಂದೆ ಕೂರುತ್ತಾರೆ. ಬಾಗಿಲು ಹಾಕುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಯಾರಿಗೆ ತಪ್ಪು ಮಾಡಿದ್ದೇವೋ ಅವರ ಮನೆಗೆ ಹೋಗಿ ಕ್ಷಮೆ ಕೇಳಬೇಕು. ಅವರ ಪರವಾಗಿ ದೇವರು ಕ್ಷಮಿಸುವುದಿಲ್ಲ.

ಎಲ್ಲೋಜಿ ಈ ಕೆಲಸವನ್ನು ಯಾವ ವರ್ಷವೂ ತಪ್ಪಿಸಿದವನಲ್ಲ. ಮನೆಮನೆಗೆ ಹೋಗಿ ಕೈಮುಗಿದು, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಿದ್ದ. ಅವನು ಏನೂ ತಪ್ಪು ಮಾಡದಿದ್ದ ಜನ ಅವನನ್ನು ಕ್ಷಮಿಸಿ ಹಣ್ಣು ಕೊಟ್ಟು ಕಳಿಸುತ್ತಿದ್ದರು. ಸಫಿರಾಬಾಯಿಯ ಮನೆಯಿದ್ದ ಓಣಿಯ ತುದಿಗೆ ಬಂದಾಗ ಮಾತ್ರ ಅವನ ಕಾಲು ತಿರುಗುತ್ತಿತ್ತು. ಮೊದಲ ವರ್ಷ, ಅವಳಿಗಿನ್ನೂ ಸಿಟ್ಟಿರುತ್ತದೆ, ಆರಲಿ ಎಂದುಕೊಂಡ. ಮುಂದಿನ ವರ್ಷ, ಈಗ ಹೋದರೆ ಅವಳಿಗೆ ಮತ್ತೆ ನೆನಪು ಮಾಡಿಕೊಟ್ಟ ಹಾಗಾಗುತ್ತದೆ ಎಂದುಕೊಂಡ. ಅದರ ಮುಂದಿನ ವರ್ಷ, ಅವಳು ಮರೆತಿರಬೇಕು ಎಂದುಕೊಂಡ. ತಾನು ಮರೆತಿರಲಿಲ್ಲ.

ಒಂದು ವರ್ಷ ಗಟ್ಟಿ ಮನಸ್ಸು ಮಾಡಿ ಹೋದ. ಅವಳು ಅಂಗಳದಲ್ಲೇ ಇದ್ದಳು.

"ಬನ್ನಿ ಅಣ್ಣ, ಕೂತ್ಕೊಳ್ಳಿ" ಎಂದಳು. ಒಳಗೆ ಹೋಗಿ ಹೊಸ ಅಕ್ಕಿಯ ಪಾಯಸವನ್ನು ಬಟ್ಟಲಿಗೆ ಹಾಕಿ ತಂದಳು. ಹಬ್ಬಕ್ಕೆಂದು ಮಾಡಿದ್ದು.

ಎಲ್ಲೋಜಿ ಬಟ್ಟಲಿಗೆ ಕೈ ಚಾಚಲಿಲ್ಲ. ಕಲಿತು ಬಂದ ಮಾತು ಬರಲಿಲ್ಲ. "ಇಲ್ಲ, ಊಟವಾಗಿದೆ" ಎಂದ. "ದೀಪಕ್ಕೆ ಎಣ್ಣೆ ಬೇಕೇನೋ ಎಂದು ಕೇಳಲು ಬಂದೆ."

ಅವಳು ಬಟ್ಟಲನ್ನು ಕೆಳಗಿಟ್ಟಳು. "ಬೇಕು" ಎಂದಳು.

ಅವನು ಆಳಿನ ಕೈಯಲ್ಲಿ ಒಂದು ಗಡಿಗೆ ಎಣ್ಣೆ ಕಳಿಸಿಕೊಟ್ಟ. ಮನೆಗೆ ಬಂದು ಕೂತಾಗ ಬಟ್ಟಲಿನ ನೆನಪಾಯಿತು. ಕ್ಷಮೆ ಕೇಳಲು ಹೋದವನು ಅವಳ ಮನೆಯಲ್ಲಿ ತಿನ್ನದೆ ಬಂದಿದ್ದ. ಹಿಂದಿನದಕ್ಕೆ ಇನ್ನೊಂದು ಸೇರಿತ್ತು. ಬಾಗಿಲು ಹಾಕುವ ಹಬ್ಬದೊಳಗೆ ಮತ್ತೆ ಹೋಗುತ್ತೇನೆ ಎಂದುಕೊಂಡ. ಅಷ್ಟರಲ್ಲಿ ಕೊಬ್ಬರಿ ಬಂತು. ಗಾಣಕ್ಕೆ ಬಿಡುವಿಲ್ಲದಾಯಿತು. ಹಬ್ಬ ಬಂತು. ಬಾಗಿಲು ಹಾಕಿಕೊಂಡ.

ಮುಂದಿನ ವರ್ಷ ಬಿಳಿಯ ಬಟ್ಟೆ ಹೊಲಿಸಲು ಹೋದವರು ಬರಿಗೈಯಲ್ಲಿ ಬಂದರು. ಮನೆಗೆ ಬೀಗ ಹಾಕಿತ್ತು. ಸಫಿರಾಬಾಯಿ ಮಕ್ಕಳೊಡನೆ ಬಂದರಿನ ಊರಿಗೆ, ತಾಯಿಯ ಕಡೆಯವರ ಹತ್ತಿರ ಹೋಗಿದ್ದಳು. ಯಾವಾಗ ಹೋದಳೆಂದು ನಮ್ಮವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಮೀನುಗಾರ್ತಿಗೆ ಗೊತ್ತಿತ್ತು. ಹೊರಡುವ ದಿನ ಪಾತ್ರೆಗಳನ್ನು ದೋಣಿಯವರೆಗೆ ಹೊತ್ತುಕೊಟ್ಟಿದ್ದಳಂತೆ.

ವರ್ಷಗಳು ಹೋದವು. ಕೆಲವರು ಸತ್ತರು. ಕೆಲವರು ಬೇರೆ ಊರು ನೋಡಿಕೊಂಡರು. ಒಂದು ಹೊಸ ವರ್ಷದ ಬೆಳಿಗ್ಗೆ ಮಂದಿರದಲ್ಲಿ ಒಂಬತ್ತು ಜನ ಗಂಡಸರಿದ್ದರು. ಹತ್ತು ಜನ ಸೇರದೆ ಧರ್ಮಶಾಸ್ತ್ರದ ಸುರುಳಿಯನ್ನು ತೆಗೆದು ಓದುವ ಹಾಗಿಲ್ಲ. ನಿನಗೆ ಗೊತ್ತು. ಅವರು ಕಾದರು. ಬಿಸಿಲು ಮೆಟ್ಟಿಲು ದಾಟಿ ಒಳಗೆ ಬಂತು. ಹತ್ತನೆಯವನು ಬರಲಿಲ್ಲ. ಬಾಗಿಲ ಕಡೆ ನೋಡುತ್ತ ಕೂತಿದ್ದ ಒಬ್ಬ ಮುದುಕ ತನ್ನಷ್ಟಕ್ಕೆ ಅಂದ: "ಆ ಬಡಗಿಯ ಮಕ್ಕಳು ಇದ್ದಿದ್ದರೆ ಹನ್ನೊಂದಾಗುತ್ತಿತ್ತು."

ಯಾರೂ ಎಲ್ಲೋಜಿಯ ಮುಖ ನೋಡಲಿಲ್ಲ. ಅವನಿಗೆ ಅದೇ ಕಷ್ಟವಾಯಿತು. ಅಂದು ಅವರು ಹೊಸ ವರ್ಷಕ್ಕೆ ಊದುವ ಕೊಂಬು ಊದಿದರು. ಸುರುಳಿ ತೆಗೆಯಲಿಲ್ಲ.

ಹಬ್ಬ ಕಳೆದ ಮೇಲೆ ಎಲ್ಲೋಜಿ ದೋಣಿ ಹತ್ತಿದ. ಅಷ್ಟು ಹೊತ್ತಿಗೆ ಅವನಿಗೂ ವಯಸ್ಸಾಗಿತ್ತು. ಬಂದರಿನ ಊರಿನಲ್ಲಿ ಕೇಳುತ್ತ ಕೇಳುತ್ತ ಹೋಗಿ ಮನೆ ಹುಡುಕಿದ. ಮಕ್ಕಳಿಬ್ಬರೂ ದೋಣಿ ಕಟ್ಟುವ ಕೆಲಸದಲ್ಲಿದ್ದರು. ಸಫಿರಾಬಾಯಿಯ ತಲೆ ನರೆತಿತ್ತು. ಹೊಲಿಗೆಗೆ ಕಣ್ಣು ಸಾಗುತ್ತಿರಲಿಲ್ಲ. ದನಿಯಿಂದಲೇ ಅವನನ್ನು ಗುರುತು ಹಿಡಿದಳು.

ಈ ಸಲ ಅವನು ಕೂರಲಿಲ್ಲ. ನಿಂತೇ ಹೇಳಿದ: "ತಂಗೀ, ನನ್ನ ಮನೆಯಲ್ಲಿ ನಿನಗೆ ಅವಮಾನ ಮಾಡಿದೆ. ನಿನ್ನ ಮನೆಗೆ ಬಂದೂ ಅವಮಾನ ಮಾಡಿದೆ. ಕ್ಷಮಿಸು."

"ನೀವು ಎಣ್ಣೆಯ ನೆಪ ಹೇಳಿಕೊಂಡು ಬಂದ ದಿನವೇ ಕ್ಷಮಿಸಿದೆ ಅಣ್ಣ. ನೀವು ಯಾಕೆ ಬಂದಿರಿ ಎಂದು ನನಗೆ ತಿಳಿಯಲಿಲ್ಲವೇ?"

"ಹಾಗಾದರೆ ಊರು ಯಾಕೆ ಬಿಟ್ಟೆ?"

"ನಾನು ದೊಡ್ಡವಳು, ಕ್ಷಮಿಸಿದೆ. ಹುಡುಗರಿಗೆ ಯಾರನ್ನು ಕ್ಷಮಿಸಬೇಕು ಎಂಬುದೂ ಗೊತ್ತಿರಲಿಲ್ಲ. ಯಾರಾದರೂ ತಿನ್ನಲು ಕೊಟ್ಟರೆ ಹಿರಿಯವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ. ಅದನ್ನು ನೋಡಿಕೊಂಡು ಅಲ್ಲಿರಲು ನನ್ನಿಂದಾಗಲಿಲ್ಲ."

ಆಮೇಲೆ ಮಾತು ಮಂದಿರದ ಕಡೆಗೆ ಬಂತು. ಇಲ್ಲಿ ನಮ್ಮವರು ಯಾರೂ ಇಲ್ಲ ಎಂದಳು ಸಫಿರಾಬಾಯಿ. ಮೊದಮೊದಲು ಶುಕ್ರವಾರದ ಸಂಜೆ ದೀಪ ಹಚ್ಚುತ್ತಿದ್ದಳು. ಮಕ್ಕಳು ಅದು ಯಾಕೆ ಎಂದು ಕೇಳುತ್ತಿದ್ದರು. ಉತ್ತರ ಹೇಳಲು ಹೊರಟರೆ ಆ ಊರಿನ ಮಾತು ಬರುತ್ತಿತ್ತು. ಮಾತು ಬೇಡವೆಂದು ದೀಪವನ್ನೂ ಬಿಟ್ಟಳು.

ಹಿರಿಯ ಮಗ ಕೆಲಸದಿಂದ ಬಂದ. ತಾಯಿ ಎಲ್ಲೋಜಿಯ ಹೆಸರು ಹೇಳಿದಳು. ಅವನು ಮರ್ಯಾದೆಯಿಂದಲೇ ನಮಸ್ಕಾರ ಮಾಡಿದ. ಎಲ್ಲೋಜಿ ಅವನ ಎರಡೂ ಕೈ ಹಿಡಿದುಕೊಂಡು ಕ್ಷಮೆ ಕೇಳಿದ. ಬಳಿಕ, "ಮಗಾ, ನಾವು ಒಂಬತ್ತೇ ಜನ ಉಳಿದಿದ್ದೇವೆ. ಮುಂದಿನ ಹಬ್ಬಕ್ಕೆ ನಮ್ಮ ಜೊತೆ ಬಂದು ನಿಲ್ಲು" ಎಂದ.

ಮಗ ಸಿಟ್ಟು ಮಾಡಲಿಲ್ಲ. ಒಂದೇ ಮಾತು ಕೇಳಿದ: "ಹತ್ತು ಜನ ಇದ್ದಿದ್ದರೆ ನೀವು ಬರುತ್ತಿದ್ದಿರಾ?"

ಎಲ್ಲೋಜಿ ಹೌದು ಎನ್ನಬಹುದಿತ್ತು. ಸುಳ್ಳು ಹೇಳುವ ಮನುಷ್ಯನಲ್ಲ ಅವನು. "ಗೊತ್ತಿಲ್ಲ" ಎಂದ.

ಮಗ ಮೆಲ್ಲಗೆ ಕೈ ಬಿಡಿಸಿಕೊಂಡ. ಸಫಿರಾಬಾಯಿ ಅನ್ನ ಬಡಿಸಿ, ತಟ್ಟೆಯನ್ನು ನಡುವೆ ಇಟ್ಟು ತಾನೂ ಕೂತಳು. ಎಲ್ಲೋಜಿ ಅದೇ ತಟ್ಟೆಯಲ್ಲಿ ಉಂಡ. ಕಿರಿಯ ಮಗನೂ ಬಂದು ಕೂತ. ಹಿರಿಯವನು ಹಸಿವಿಲ್ಲವೆಂದು ಹೊರಗೆ ಜಗುಲಿಯ ಮೇಲೆ ಕೂತಿದ್ದ.

ಎಲ್ಲೋಜಿ ಒಬ್ಬನೇ ಊರಿಗೆ ಮರಳಿದ. ಆ ವರ್ಷ ಪ್ರಾಯಶ್ಚಿತ್ತದ ದಿನ ಅವನು ತೊಟ್ಟದ್ದು ಸಫಿರಾಬಾಯಿ ಹಿಂದೆ ಎಂದೋ ಹೊಲಿದುಕೊಟ್ಟಿದ್ದ ಬಿಳಿಯ ಅಂಗಿ. ಬಾಗಿಲು ಹಾಕಿಕೊಂಡು ಕೂತವನಿಗೆ ಪ್ರಾರ್ಥನೆ ಬರಲಿಲ್ಲ. ಕಲಿತದ್ದೆಲ್ಲ ಬಾಯಲ್ಲಿತ್ತು. ಮನಸ್ಸು ಜಗುಲಿಯ ಮೇಲಿತ್ತು.

ಆಮೇಲೆ ಪ್ರತಿ ವರ್ಷ ಹೊಸ ವರ್ಷ ಕಳೆದ ಮೇಲೆ ಅವನು ದೋಣಿ ಹತ್ತಿ ಆ ಮನೆಗೆ ಹೋಗುತ್ತಿದ್ದ. ಹಬ್ಬಕ್ಕೆ ಬಾ ಎಂದು ಮತ್ತೆ ಕೇಳಲಿಲ್ಲ. ಹೋಗುತ್ತಿದ್ದ, ಅವರ ಜೊತೆ ಉಣ್ಣುತ್ತಿದ್ದ, ಮಂದಿರದ ಸುದ್ದಿ ತಾನಾಗಿ ಎತ್ತುತ್ತಿರಲಿಲ್ಲ. ಊರಿನ ಕೆಲವರು ಅವನೊಡನೆ ಹೋಗಬೇಕೆಂದುಕೊಂಡರು. ಯಾರೂ ಹೋಗಲಿಲ್ಲ. ತಪ್ಪು ಮಾಡಿದವನು ಅವನು ತಾನೇ ಎಂದು ಸಮಾಧಾನ ಮಾಡಿಕೊಂಡರು. ಅಂದು ಪರಾತದ ಸುತ್ತ ತಾವೂ ಕೂತಿದ್ದೆವು ಎಂಬುದು ಅವರಿಗೆ ಹೊಳೆಯಲಿಲ್ಲ. ಹೊಳೆದರೂ ಹೇಳಿಕೊಳ್ಳಲಿಲ್ಲ.

ಒಂದು ವರ್ಷ ತಟ್ಟೆ ಬಂದಾಗ ಹಿರಿಯ ಮಗ ಜಗುಲಿಯಿಂದ ಎದ್ದು ಒಳಗೆ ಬಂದ. ಎಲ್ಲೋಜಿಯ ಪಕ್ಕದಲ್ಲಿ ಕೂತ. ಕೈ ತೊಳೆದುಕೊಂಡು ತಟ್ಟೆಗೆ ಕೈ ಹಾಕಿದ. ಎರಡು ತುತ್ತು ಉಂಡಾದ ಮೇಲೆ ಕೇಳಿದ: "ಅಲ್ಲಿ ಈಗ ಎಷ್ಟು ಜನ ಇದ್ದೀರಿ?"

ಎಲ್ಲೋಜಿ ಅನ್ನ ಕಲಸುತ್ತಿದ್ದವನು ನಿಲ್ಲಿಸಿದ. ಅಷ್ಟು ಹೊತ್ತಿಗೆ ಮಂದಿರಕ್ಕೆ ಬೀಗ ಬಿದ್ದಿತ್ತು. ಸುರುಳಿಯನ್ನು ಬೇರೆ ಊರಿನವರು ಒಯ್ದಿದ್ದರು.

"ನಾನೊಬ್ಬ" ಎಂದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ನಿಸ್ಸೀಮ್ ಕೇಳಿದ: "ಅವನು ಕ್ಷಮೆ ಕೇಳಿದ, ಅವಳು ಕ್ಷಮಿಸಿದಳು, ಕೊನೆಗೆ ಮಗನೂ ಬಂದು ಕೂತ. ಆದರೂ ಮಂದಿರ ಉಳಿಯಲಿಲ್ಲ. ಹಾಗಿದ್ದರೆ ನಾನು ಎಲ್ಲಿಂದ ಶುರು ಮಾಡಲಿ, ಗುರುಗಳೇ?"

ಗುರುಗಳು ಕೇಳಿದರು: "ಈಗ ಇಲ್ಲಿಗೆ ಬರುವಾಗ ಯಾರ ಬಾಗಿಲು ಬಂದಾಗ ನೀನು ಬೇಗ ಬೇಗ ಹೆಜ್ಜೆ ಹಾಕಿದೆ?"