ಹೆಜ್ಜೆಗಲ್ಲಿನ ಮೇಲೆ ಓಡಿದ ಸಣ್ಣೀರ

ಹೊಳೆಯ ದಡದಲ್ಲಿ ಅಂಬಿಗರ ಸಣ್ಣೀರ ಎಂಬುವನಿದ್ದ. ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆಳು ಮಾತ್ರ ಸಣ್ಣವನಲ್ಲ. ಅವನು ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಅಡುಗೆ ಮಾಡುತ್ತಿದ್ದ ತಾಯಿ, "ಅತ್ಲಾಗೆ ಸರ್ಕೊಳ್ಳೋ, ಒಲೆ ಮೇಲಿರೋದು ಕಾಣ್ತಾ ಇಲ್ಲ" ಎಂದು ಗದರುತ್ತಿದ್ದಳು. ಅಗಲವಾದ ಎದೆ, ಗಿಡ್ಡ ಕಾಲು, ದಪ್ಪ ಮೂಳೆ. ಅಪ್ಪ ಜವರಯ್ಯನೂ ಹಾಗೇ ಇದ್ದ. ತಾತನೂ ಹಾಗೇ ಇದ್ದನಂತೆ. ಆ ಮನೆಯ ಕಸುಬಿಗೆ ಅಂಥ ಮೈಯೇ ಬೇಕಾಗಿತ್ತು.

ಕಸುಬು ಏನೆಂದರೆ, ತೆಪ್ಪ ದಾಟಿಸುವುದು. ಆ ಹೊಳೆಯ ಸೆಳವಿನಲ್ಲಿ ಹುಟ್ಟು ಹಾಕಿ ದಾಟುವುದು ಆಗದ ಮಾತು. ತೆಪ್ಪಕ್ಕೆ ಉದ್ದನೆಯ ಹಗ್ಗ ಕಟ್ಟಿ, ದಡದ ಮೇಲೆ ಒಬ್ಬ ಹಿಡಿದು ನಿಲ್ಲಬೇಕು. ಹಿಮ್ಮಡಿ ಊರುವುದಕ್ಕೆ ಅಲ್ಲಿ ಎರಡು ಗುಂಡಿ ತೋಡಿದ್ದರು. ಅವನು ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟ ಹಾಗೆ ನೀರೇ ತೆಪ್ಪವನ್ನು ಆಚೆ ದಡಕ್ಕೆ ತಳ್ಳುತ್ತದೆ. ಮರಕ್ಕೆ ಕಟ್ಟಿಬಿಡಬಹುದಲ್ಲ ಎಂದು ನೀವು ಕೇಳಬಹುದು. ಮರಕ್ಕೇನು ಗೊತ್ತು, ಎಲ್ಲಿ ಬಿಡಬೇಕು, ಎಲ್ಲಿ ಬಿಗಿಹಿಡಿಯಬೇಕು ಅಂತ! ಅದಕ್ಕೆ ಮನುಷ್ಯನೇ ಬೇಕು. ಅದೂ ಭಾರವಾದ, ಕಾಲೂರಿ ನಿಂತರೆ ಕದಲದ ಮನುಷ್ಯ.

ಅದೇ ದಾರಿಯಲ್ಲಿ ಅರಮನೆಯ ಹರಿಕಾರರು ಓಡಿ ಬರುತ್ತಿದ್ದರು. ಓಲೆ ಹೊತ್ತು, ಹಗಲೆಲ್ಲ ನಿಲ್ಲದೆ, ಊರಿಂದ ಊರಿಗೆ ಓಡುವವರು. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಆ ಗೆಜ್ಜೆಯ ಸದ್ದು ಕೇಳಿದರೆ ಎತ್ತಿನ ಗಾಡಿಯೂ ಪಕ್ಕಕ್ಕೆ, ಧಣಿಗಳ ಪಲ್ಲಕ್ಕಿಯೂ ಪಕ್ಕಕ್ಕೆ. ಅವರು ತೆಪ್ಪ ಹತ್ತುತ್ತಿದ್ದರು, ಆಚೆ ದಡದಲ್ಲಿ ನೆಗೆದು ಇಳಿಯುತ್ತಿದ್ದರು, ಓಡಿಯೇ ಹೋಗುತ್ತಿದ್ದರು. ಹಗ್ಗ ಹಿಡಿದವನತ್ತ ಒಬ್ಬನಾದರೂ ತಿರುಗಿ ನೋಡಿದ್ದಿಲ್ಲ. ಸಣ್ಣೀರನಿಗೆ ಚಿಕ್ಕಂದಿನಿಂದ ಅದೊಂದು ಚುಚ್ಚುತ್ತಿತ್ತು. ಹಗ್ಗ ಹಿಡಿಯುವ ಬಾಳು ಬೇಡ, ಗೆಜ್ಜೆಕೋಲು ಹಿಡಿಯಬೇಕು ಎಂದು ಅವನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ.

ಜವರಯ್ಯನಿಗೆ ಈ ಆಸೆ ತಿಳಿದಾಗ ಅವನು ನಗಲಿಲ್ಲ, ಬಯ್ಯಲೂ ಇಲ್ಲ.

"ಅವರ ಮೈ ಬೇರೆ, ನಮ್ಮ ಮೈ ಬೇರೆ ಕಣ್ಲಾ ಮಗ" ಅಂದ.

"ಮನ್ಸು ಮಾಡಿದ್ರೆ ಯಾರು ಬೇಕಾದ್ರೂ ಓಡ್ಬೋದು ಅಂತಾರಲ್ಲಪ್ಪಯ್ಯ."

ಅಂತಾರೆ, ನಿಜ. ಆದರೆ ಹಾಗೆ ಹೇಳುವವರು ಯಾರು? ಓಡಿ ಗೆದ್ದವರು. ಓಡಿ ಬಿದ್ದವರ ಹತ್ತಿರ ಹೋಗಿ ನೀನೇನು ಹೇಳುತ್ತೀಯಪ್ಪಾ ಎಂದು ಯಾರೂ ಕೇಳುವುದಿಲ್ಲ. ಸಣ್ಣೀರನೂ ಕೇಳಲಿಲ್ಲ. ಬುತ್ತಿ ಕಟ್ಟಿಕೊಂಡು ಬೆಟ್ಟದ ಬುಡಕ್ಕೆ ಹೊರಟೇ ಹೋದ.

ಬೆಟ್ಟದ ಬುಡದಲ್ಲಿ ಹರಿಕಾರರ ಗರಡಿ ಇತ್ತು. ಅದರ ಯಜಮಾನ ಗುರಿಕಾರ ಹಲಗಯ್ಯ. ಗರಡಿಯಿಂದ ಬೆಟ್ಟದ ಸುತ್ತ ಒಂದು ದಾರಿ, ಆ ದಾರಿಯುದ್ದಕ್ಕೂ ಹೂತಿಟ್ಟ ಚಪ್ಪಡಿಗಳು. ಅವನ್ನು ಹೆಜ್ಜೆಗಲ್ಲು ಅನ್ನುತ್ತಿದ್ದರು. ಹಲಗಯ್ಯನ ಮನೆತನದ ಮೊದಲ ಹರಿಕಾರ ಓಡುವಾಗ ಎಲ್ಲೆಲ್ಲಿ ಕಾಲಿಟ್ಟನೋ ಅಲ್ಲಲ್ಲಿ ಒಂದೊಂದು ಕಲ್ಲು ನೆಟ್ಟಿದ್ದರಂತೆ. ಆತ ಬಿದಿರಿನ ಗಳುವಿನ ಹಾಗೆ ಉದ್ದಕ್ಕಿದ್ದ, ತೆಳ್ಳಗಿದ್ದ. ಗರಡಿಗೆ ಬಂದವರೆಲ್ಲ ಕಲ್ಲಿನಿಂದ ಕಲ್ಲಿಗೇ ಹೆಜ್ಜೆ ಹಾಕಬೇಕು. ನಡುವೆ ನೆಲ ತುಳಿದರೆ ಮತ್ತೆ ಮೊದಲಿನಿಂದ ಓಡಬೇಕು.

ಇನ್ನೊಂದು ಕಟ್ಟಳೆಯೂ ಇತ್ತು. ಆ ನೆಲದ ಮೇಲೆ 'ನೋವು' ಎಂಬ ಮಾತು ಆಡಬಾರದು. ಆಡಿದವನು ಅವತ್ತೇ ಹಾಸಿಗೆ ಸುತ್ತಿಕೊಂಡು ಊರಿಗೆ ಹೋಗಬೇಕು.

ಹಲಗಯ್ಯ ಕೆಟ್ಟವನಲ್ಲ. ಶಿಷ್ಯರಿಗೆ ಜ್ವರ ಬಂದರೆ ಪಕ್ಕದಲ್ಲೇ ಕೂತು ಗಂಜಿ ಕುಡಿಸುವವನು. ಆದರೆ ಆ ಕಲ್ಲುಗಳೆಂದರೆ ಅವನಿಗೆ ದೇವರು. ಸಣ್ಣೀರನನ್ನು ಮೇಲಿಂದ ಕೆಳಗೆ ನೋಡಿದಾಗ ಅವನ ಕಣ್ಣು ಹೊಳೆಯಿತು. ಇಂಥವನನ್ನೂ ಓಡಿಸಿಬಿಟ್ಟರೆ ನಮ್ಮ ಕಲ್ಲಿನ ಮಹಿಮೆ ನಾಡಿಗೆಲ್ಲ ಗೊತ್ತಾಗುತ್ತದೆ ಎಂಬ ಆಸೆ ಅವನಿಗೆ.

"ಬಾ ಮಗಾ" ಅಂದ. "ಈ ಕಲ್ಲು ತುಳಿದವನು ಯಾವನೂ ಕೆಟ್ಟಿಲ್ಲ."

ಸಣ್ಣೀರ ಓಡತೊಡಗಿದ. ಓಡಿದ ಅನ್ನುವುದಕ್ಕಿಂತ ನೆಗೆದ ಅನ್ನಬೇಕು. ಉಳಿದವರಿಗೆ ಒಂದು ಹೆಜ್ಜೆಯಾದದ್ದು ಅವನಿಗೆ ಒಂದು ನೆಗೆತ. ಪ್ರತಿ ಸಲವೂ ಅಷ್ಟು ದೊಡ್ಡ ಮೈ ದೊಪ್ಪನೆ ಕಲ್ಲಿನ ಮೇಲೆ ಬೀಳುತ್ತಿತ್ತು. ಊಟಕ್ಕೆ ಎಲ್ಲರಿಗೂ ಹಿಡಿ ಹುರಿಗಡಲೆ, ಒಂದು ಉಂಡೆ ಬೆಲ್ಲ, ರಾಗಿ ಅಂಬಲಿ. ತೆಳ್ಳಗಿನ ಹುಡುಗರಿಗೆ ಅದು ಸಾಕಾಗುತ್ತಿತ್ತು. ಸಣ್ಣೀರನಿಗೆ ಹಸಿವು ಹೊಟ್ಟೆಯೊಳಗೆ ಕೂತು ಅಳುತ್ತಿತ್ತು. ಮೈ ಇಳಿಯಲಿ ಎಂದು ಹಲಗಯ್ಯ ಅವನ ಅಂಬಲಿಯನ್ನೂ ಕಡಿಮೆ ಮಾಡಿಸಿದ. ಮಾಂಸ ಇಳಿಯಿತು. ಮೂಳೆ ಇಳಿಯುತ್ತದೆಯೇ?

ಹಲಗಯ್ಯನ ಒಬ್ಬನೇ ಮಗ ಕೆಂಚ. ಹುಟ್ಟಿದ್ದೇ ಓಡುವುದಕ್ಕೆ ಅನ್ನುವ ಹಾಗಿದ್ದ. ಮರಳಿನ ಮೇಲೆ ಓಡಿದರೂ ಗುರುತು ಬೀಳುತ್ತಿರಲಿಲ್ಲ. ಅವನಿಗೆ ಸಣ್ಣೀರನೆಂದರೆ ಪ್ರಾಣ. ಅಪ್ಪನ ಕಣ್ಣು ತಪ್ಪಿಸಿ ತನ್ನ ಪಾಲಿನ ಬೆಲ್ಲ ಇವನ ಕೈಗೆ ತುರುಕುತ್ತಿದ್ದ. ಒಂದು ದಿನ ತಡೆಯಲಾರದೆ ಅಪ್ಪನನ್ನೇ ಕೇಳಿದ.

"ಅಪ್ಪಾ, ಸಣ್ಣೀರನಿಗೆ ಅಂತ ನಡುನಡುವೆ ಒಂದೊಂದು ಕಲ್ಲು ಹಾಕಿದ್ರೆ ಏನಂತೆ? ಪಾಪ, ಅವನ ಕಾಲು ಅಷ್ಟೇ ಉದ್ದ ಇರೋದು."

"ಹಾಕಿದ್ರೆ ಅದು ಅವನ ದಾರಿ ಆಗ್ತದೆ, ನಮ್ಮ ದಾರಿ ಅಲ್ಲ" ಎಂದ ಹಲಗಯ್ಯ.

ಸಣ್ಣೀರನೂ ಒಪ್ಪಲಿಲ್ಲ. "ನನಗೋಸ್ಕರ ಕಲ್ಲು ಹಾಕ್ಬೇಡಿ ಬುದ್ಧಿ, ನಾನೇ ಮುಟ್ಟುತೀನಿ" ಎಂದ. ಗುರುವಿಗೆ ಎಷ್ಟು ಹಟವೋ ಶಿಷ್ಯನಿಗೂ ಅಷ್ಟೇ.

ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಮೊಣಕಾಲುಗಳು ಬೇಲದ ಹಣ್ಣಿನ ಹಾಗೆ ಊದಿಕೊಂಡವು. ಬೆಳಿಗ್ಗೆ ಎದ್ದರೆ ಕೀಲು ಕಟಕಟ ಅನ್ನುತ್ತಿತ್ತು. ಅವನು ಬಟ್ಟೆ ಸುತ್ತಿ, ಅದರ ಮೇಲೆ ಪಂಚೆ ಇಳಿಬಿಟ್ಟು ಓಡಿದ. ಕೆಂಚ ಕೇಳಿದ, "ಕಾಲಿಗೆ ಏನೋ ಆಗಿದೆ, ಅಲ್ವಾ?" ಸಣ್ಣೀರ ಹಲ್ಲು ಕಚ್ಚಿ ನಕ್ಕ. "ಏನೂ ಇಲ್ಲ" ಅಂದ. ಆ ಮಾತು ಅವನ ಬಾಯಲ್ಲಿ ಎಷ್ಟು ಅಭ್ಯಾಸವಾಯಿತೆಂದರೆ, ಯಾರು ಏನು ಕೇಳಿದರೂ ಮೊದಲು ಅದೇ ಬರುತ್ತಿತ್ತು.

ಕೊನೆಗೆ ಪರೀಕ್ಷೆಯ ದಿನ ಬಂತು. ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವ ತನಕ ಬೆಟ್ಟವನ್ನು ಸುತ್ತಬೇಕು. ನಿಲ್ಲಬಾರದು, ಕೂರಬಾರದು. ಸಣ್ಣೀರ ಓಡಿ ಮುಗಿಸಿದ. ಹೌದು, ಮುಗಿಸಿಯೇಬಿಟ್ಟ! ಎಲ್ಲರಿಗಿಂತ ಕೊನೆಗೆ ಬಂದ, ತುಟಿ ನೀಲಿಯಾಗಿತ್ತು, ಆದರೂ ಬಂದ. ಹಲಗಯ್ಯ ಓಡಿಹೋಗಿ ಅವನನ್ನು ತಬ್ಬಿಕೊಂಡು ಅತ್ತ. "ನೋಡ್ರೋ, ಯಾವ ಮೈ ಆದ್ರೂ ಸರಿ, ಕಲ್ಲು ಬಿಡೋದಿಲ್ಲ, ಓಡಿಸ್ತದೆ" ಎಂದು ಕೂಗಿ ಹೇಳಿದ. ಸಣ್ಣೀರನ ಕೈಗೆ ಗೆಜ್ಜೆಕೋಲು ಬಂತು. ಅವನ ಬಾಳಿನಲ್ಲಿ ಅಷ್ಟು ಸಂತೋಷ ಇನ್ನೆಂದೂ ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವನಿಗೆ ಏಳಲಾಗಲಿಲ್ಲ.

ಮೂಳೆ ಕಟ್ಟುವ ನಾಟಿ ವೈದ್ಯ ಬಂದು ಎರಡೂ ಮೊಣಕಾಲು ಒತ್ತಿ ನೋಡಿದ. "ಮುರಿದಿದ್ರೆ ಕಟ್ಟುತಿದ್ದೆ ಕಣಪ್ಪಾ. ಇದು ಸವೆದುಹೋಗಿದೆ. ಸವೆದದ್ದಕ್ಕೆ ನನ್ನ ಹತ್ರ ಮದ್ದಿಲ್ಲ" ಎಂದು ಚೀಲ ಎತ್ತಿಕೊಂಡು ಹೋದ.

ಗಾಡಿಯಲ್ಲಿ ಮಲಗಿಸಿ ಮನೆಗೆ ಕಳುಹಿಸಿದರು. ತಾಯಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಗೆಜ್ಜೆಕೋಲು ಊರುಗೋಲಾಯಿತು. ಅವನು ಕುಂಟುತ್ತಾ ಬೀದಿಗೆ ಬಂದರೆ ಗೆಜ್ಜೆ ಝಲ್ ಅನ್ನುತ್ತಿತ್ತು, ಜನ ಹರಿಕಾರ ಬಂದನೆಂದು ಗಡಬಡಿಸಿ ದಾರಿ ಬಿಡುತ್ತಿದ್ದರು. ತಿರುಗಿ ನೋಡಿದರೆ ಸಣ್ಣೀರ. ಕೆಲವರು ನಕ್ಕರು, ಕೆಲವರು ಅಯ್ಯೋ ಅಂದರು. ಅವನಿಗೆ ಎರಡೂ ಒಂದೇ ರೀತಿ ಉರಿಯುತ್ತಿತ್ತು. ಮುದುಕನಾದ ಜವರಯ್ಯನೇ ಮತ್ತೆ ಹೋಗಿ ಗುಂಡಿಯಲ್ಲಿ ಹಿಮ್ಮಡಿ ಊರಿ ಹಗ್ಗ ಹಿಡಿದ.

ಒಂದು ಆಷಾಢದಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಜವರಯ್ಯ ಚಳಿಜ್ವರದಲ್ಲಿ ಮಲಗಿದ್ದ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ದೂರದಲ್ಲಿ ಗೆಜ್ಜೆ ಕೇಳಿಸಿತು. ಬಂದವನು ಕೆಂಚ.

"ಮೇಲಿನ ದೊಡ್ಡಕೆರೆ ಏರಿ ಬಿರುಕು ಬಿಟ್ಟಿದೆ ಕಣೋ" ಎಂದ ಏದುಸಿರು ಬಿಡುತ್ತಾ. "ಆಚೆ ದಡದ ತಗ್ಗಿನ ಊರನ್ನ ಖಾಲಿ ಮಾಡಿಸ್ಬೇಕು. ನಿಮ್ಮಪ್ಪಯ್ಯ ಎಲ್ಲಿ?"

"ಜ್ವರ. ಏಳೋ ಹಾಗಿಲ್ಲ."

ಕೆಂಚ ಗೆಳೆಯನ ಕಾಲು ನೋಡಿದ. ಆಮೇಲೆ ಮುಖ ನೋಡಿದ.

"ನೀನು ಹಿಡೀತೀಯಾ? ಆಗಲ್ಲ ಅಂದ್ರೆ ಈಗಲೇ ಹೇಳ್ಬಿಡು, ಏನೂ ತಪ್ಪಿಲ್ಲ. ಮೇಲಿನ ಕಲ್ಲುಸೇತುವೆ ಸುತ್ತಿ ಓಡ್ತೀನಿ. ಹೊತ್ತು ಇಳಿಯೋದ್ರೊಳಗೆ ಮುಟ್ಟಬಹುದು. ಕಾಲು ನೋಯ್ತದಾ?"

ಸಣ್ಣೀರ ಬಾಯಿ ತೆರೆದ. ನೋವು ಎಂಬ ಮಾತು ನಾಲಗೆಯ ತುದಿಗೆ ಬಂತು. ಅಷ್ಟು ವರ್ಷ ನುಂಗಿದ ಮಾತು ಒಂದು ದಿನದಲ್ಲಿ ಹೊರಗೆ ಬರುತ್ತದೆಯೇ?

"ಏನೂ ಇಲ್ಲ" ಎಂದ. "ಹತ್ತು, ನಾನಿದ್ದೀನಿ."

ಗುಂಡಿಗಳಲ್ಲಿ ಹಿಮ್ಮಡಿ ಊರಿದ. ಹಗ್ಗ ಸೊಂಟಕ್ಕೆ ಒಂದು ಸುತ್ತು ಹಾಕಿ ಬಿಡುತ್ತಾ ಹೋದ. ತೋಳಿನಲ್ಲಿ ಇನ್ನೂ ಶಕ್ತಿ ಇತ್ತು. ಬೆನ್ನಿನಲ್ಲೂ ಇತ್ತು. ಆ ಮೈ ಹುಟ್ಟಿದ್ದೇ ಆ ಕೆಲಸಕ್ಕೆ. ತೆಪ್ಪ ಅರ್ಧ ಹೊಳೆ ದಾಟಿತು. ಅಷ್ಟರಲ್ಲಿ ಬುಡಸಮೇತ ತೇಲಿಬಂದ ಒಂದು ಮರ ತೆಪ್ಪಕ್ಕೆ ಬಡಿಯಿತು. ಹಗ್ಗ ಬಿಗಿಯಿತು. ತೋಳು ತಡೆಯಿತು, ಬೆನ್ನು ತಡೆಯಿತು. ಮೊಣಕಾಲು ತಡೆಯಲಿಲ್ಲ. ಎರಡೂ ಒಟ್ಟಿಗೆ ಮಡಿಚಿಕೊಂಡವು, ಅವನು ಮುಖ ಕೆಳಗಾಗಿ ಕೆಸರಿಗೆ ಬಿದ್ದ. ಹಗ್ಗ ಸೊಂಟದಿಂದ ಸುರುಳಿ ಬಿಚ್ಚಿ, ಅಂಗೈಯ ಚರ್ಮವನ್ನೆಲ್ಲ ಕಿತ್ತುಕೊಂಡು ಜಾರಿಹೋಯಿತು.

ಆಗ ಕೆಂಚ ತಿರುಗಿ ನೋಡಿದ. ಹಗ್ಗ ಹಿಡಿದವನತ್ತ ಒಬ್ಬ ಹರಿಕಾರ ತಿರುಗಿ ನೋಡಿದ್ದು ಅದೇ ಮೊದಲು. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಬರೀ ಆಶ್ಚರ್ಯ ಇತ್ತು. ಮರುಗಳಿಗೆಯಲ್ಲಿ ತೆಪ್ಪ ಮಗುಚಿತು.

ಆಚೆ ದಡದ ಊರಿಗೆ ಸುದ್ದಿ ಮುಟ್ಟಲಿಲ್ಲ. ಮುಸ್ಸಂಜೆಗೆ ಏರಿ ಒಡೆದು ನೀರು ಮುಟ್ಟಿತು. ಆ ಊರಿನಲ್ಲಿ ಆ ದಿನ ಅನ್ನಕ್ಕೆ ಇಟ್ಟಿದ್ದ ಒಲೆಗಳ ಬಗ್ಗೆ ನಾನು ಹೇಳಲಾರೆ, ನನ್ನಿಂದ ಆಗುವುದಿಲ್ಲ.

ಹೊಳೆ ಇಳಿದ ಮೇಲೆ ಹಲಗಯ್ಯ ಬಂದ. ಅಷ್ಟರಲ್ಲೇ ಮುದುಕನ ಹಾಗೆ ಬಗ್ಗಿಹೋಗಿದ್ದ. ಜಗಲಿಯ ಮೇಲೆ ಅಂಗೈಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದ ಸಣ್ಣೀರನ ಮುಂದೆ ನಿಂತ.

"ಒಂದು ಮಾತು ಹೇಳಿದ್ರೆ ಸೇತುವೆ ಸುತ್ತಿ ಓಡ್ತಿದ್ದನಲ್ಲೋ ನನ್ನ ಮಗ. ಕಾಲು ನೋಯ್ತದೆ ಅಂತ ಒಂದೇ ಒಂದು ಮಾತು! ಯಾಕೆ ಹೇಳಲಿಲ್ಲ?"

ಸಣ್ಣೀರ ತಲೆ ಎತ್ತಲಿಲ್ಲ. "ಹೇಳಬಾರದು ಅಂತ ನೀವೇ ಕಲಿಸಿದ್ರಿ ಬುದ್ಧಿ. ನಾನೂ ಚೆನ್ನಾಗಿ ಕಲಿತುಬಿಟ್ಟೆ" ಅಂದ.

ಹಲಗಯ್ಯ ಹಿಂತಿರುಗಿ ಹೋಗಿ ಹಾರೆ ಹಿಡಿದು ಹೆಜ್ಜೆಗಲ್ಲುಗಳನ್ನು ಒಂದೊಂದಾಗಿ ಕಿತ್ತುಹಾಕಿದ. ಯಾರ ಸಹಾಯವನ್ನೂ ತೆಗೆದುಕೊಳ್ಳಲಿಲ್ಲ. ಕಿತ್ತ ಜಾಗದಲ್ಲಿ ಗುಳಿ ಬಿದ್ದು ಮಳೆನೀರು ನಿಂತಿತು. ಅದನ್ನು ಕಂಡು ಕೆಂಚನೇನು ಎದ್ದು ಬರಲಿಲ್ಲ, ಸಣ್ಣೀರನ ಕೀಲೇನು ಕೂಡಲಿಲ್ಲ. ಜವರಯ್ಯ ಆ ಜ್ವರದಿಂದ ಏಳಲೇ ಇಲ್ಲ. ಹೊಳೆ ದಾಟಿಸುವವರು ಆ ದಡದಲ್ಲಿ ಮತ್ತೆ ಹುಟ್ಟಲಿಲ್ಲ. ಸಣ್ಣೀರ ಕೋಲಿನಿಂದ ಗೆಜ್ಜೆ ಬಿಚ್ಚಿ ನೀರಿಗೆ ಹಾಕಿದ. ಆಮೇಲೆ ದಿನವೂ ಆ ಎರಡು ಗುಂಡಿಗಳ ಪಕ್ಕದಲ್ಲಿ ಕೂತಿರುತ್ತಿದ್ದ. ಗುಂಡಿಗಳಲ್ಲಿ ಹೂಳು ತುಂಬುತ್ತಾ ಬಂತು. ತೋಡುವುದಕ್ಕೆ ಬಗ್ಗಬೇಕಲ್ಲ, ಅವನಿಗೆ ಬಗ್ಗಲಾಗುತ್ತಿರಲಿಲ್ಲ.

ನೀತಿ: ಓಟ ಒಳ್ಳೆಯದೇ, ಆದರೆ ದೂರದ ಓಟ ಎಲ್ಲ ಮೈಗೂ ಒಗ್ಗುವುದಿಲ್ಲ. ಇನ್ನೊಬ್ಬರ ಕಾಲಿನ ಅಳತೆಗೆ ನೆಟ್ಟ ಕಲ್ಲಿನ ಮೇಲೆ ನಿಮ್ಮ ಮಕ್ಕಳನ್ನು ಓಡಿಸಬೇಡಿ, ನೀವೂ ಓಡಬೇಡಿ. ಮೈ ನೋಯುತ್ತಿದೆ ಎಂದರೆ ಅದು ಸೋಮಾರಿತನವಲ್ಲ, ಸುದ್ದಿ. ಆ ಸುದ್ದಿ ಹೇಳಲು ಬಿಡದ ಗುರುವೂ ಹೇಳಲು ನಾಚುವ ಶಿಷ್ಯನೂ ತಾವು ಕೆಡುವುದಲ್ಲದೆ, ತಮ್ಮನ್ನು ನಂಬಿ ತೆಪ್ಪ ಹತ್ತಿದವರನ್ನೂ ಮುಳುಗಿಸುತ್ತಾರೆ.