ತನ್ನ ಬಗ್ಗೆ ತಾನೇ ಬರೆದುಕೊಂಡ ಶಿಫಾರಸು ಪತ್ರ

ದಾವಣಗೆರೆಯ ನೀಲಾಂಬಿಕೆಗೆ ಥಾಯ್ಲೆಂಡಿನ ಹುಚ್ಚು ಹತ್ತಿದ್ದು ಮೊಬೈಲಿನಲ್ಲಿ ಬರುವ ಅಲ್ಲಿನ ಸೀರಿಯಲ್ಲುಗಳಿಂದ. ಮೊದಮೊದಲು ಹೀರೋನ ಮುಖಕ್ಕೋಸ್ಕರ ನೋಡಿದಳು. ಆಮೇಲೆ ಒಬ್ಬಳೇ ಕೂತು ಆ ಭಾಷೆಯ ಅಕ್ಷರ ಕಲಿತಳು. ನಮ್ಮ ಅಕ್ಷರ ಜಿಲೇಬಿಯಾದರೆ ಅವರದು ಜಾಂಗೀರು, ಅಷ್ಟು ಸುರುಳಿ. ಬಿ.ಎ. ಮುಗಿಯುವ ಹೊತ್ತಿಗೆ ಅವಳಿಗಿದ್ದದ್ದು ಒಂದೇ ಆಸೆ: ಬ್ಯಾಂಕಾಕಿಗೆ ಹೋಗಿ ಥಾಯ್ ಅಧ್ಯಯನದಲ್ಲಿ ಎಂ.ಎ. ಮಾಡಬೇಕು.

ಅವ್ವ ಮೊದಲೇ ಹೇಳಿಬಿಟ್ಟಿದ್ದಳು. "ಸ್ಕಾಲರ್‌ಶಿಪ್ ಬಂತಾ, ಹೋಗು. ಬರಲಿಲ್ವಾ, ರಾಣೇಬೆನ್ನೂರಿನ ಗಂಡಿಗೆ ಹೂಂ ಅನ್ನು."

ಸ್ಕಾಲರ್‌ಶಿಪ್ ಇದ್ದದ್ದು ಒಂದೇ. ಅರ್ಜಿಯ ಜೊತೆ ಮೇಷ್ಟ್ರ ಶಿಫಾರಸು ಪತ್ರ ಬೇಕಿತ್ತು. ಅವಳು ಕಾಲೇಜಿನ ಹಾಲಪ್ಪ ಸರ್ ಮನೆಗೆ ಹೋದಳು. ಸರ್ ಉಪ್ಪಿಟ್ಟು ತಿನ್ನುತ್ತಿದ್ದರು.

"ನೀನೇ ಬರ್ಕೊಂಡು ಬಾರಮ್ಮ, ಸೈನ್ ಹಾಕ್ತೀನಿ. ಎಲ್ಲರೂ ಹಂಗೇ ಮಾಡೋದು."

ಬರೆಯೋಕೆ ಕೂತರೆ ಕೈ ಓಡಲಿಲ್ಲ. ಮದುವೆ ಮನೆಯಲ್ಲಿ ತನ್ನೆಲೆಗೆ ತಾನೇ ಹೋಳಿಗೆ ಬಡಿಸಿಕೊಂಡ ಹಾಗೆ ನಾಚಿಕೆಯಾಯಿತು. ಸರ್ ನಿಜವಾಗಿ ಬರೆದಿದ್ದರೆ ಏನು ಬರೆಯುತ್ತಿದ್ದರು ಅಂತ ಯೋಚಿಸಿ ಬರೆದಳು: "ಶ್ರದ್ಧೆಯ ಹುಡುಗಿ. ಥಾಯ್ ಓದುತ್ತಾಳೆ. ಉಚ್ಚಾರಣೆ ಇನ್ನೂ ಸರಿಹೋಗಬೇಕು. ಕಲಿಸಿದರೆ ಕಲಿಯುತ್ತಾಳೆ."

ಅದೇ ಕ್ಲಾಸಿನ ಯತಿರಾಜನೂ ಅರ್ಜಿ ಹಾಕಿದ್ದ. ಅವನಿಗೆ ಥಾಯ್ಲೆಂಡ್ ಅಂದರೆ ಸಮುದ್ರದ ದಂಡೆ, ಅಷ್ಟೇ.

"ಲೇ, ಒಂದಕ್ಷರ ಬರಲ್ಲ, ಹೋಗಿ ಏನ್ ಮಾಡ್ತೀಯೋ?" ಅಂದಳು ನೀಲಾಂಬಿಕೆ.

"ಕಲಿಸೋಕೆ ತಾನೇ ಅವರಿರೋದು? ನಿನ್ನಂಗೆ ಎಲ್ಲರೂ ಕಲ್ತ್ಕೊಂಡೇ ಹೋದ್ರೆ ಅವರ ಹೊಟ್ಟೆಪಾಡು?"

ಅವನು ಬರೆದುಕೊಂಡು ಬಂದ ಪತ್ರದಲ್ಲಿ, "ನನ್ನ ಇಡೀ ಸರ್ವಿಸಿನಲ್ಲಿ ಇಂಥ ಪ್ರತಿಭೆ ಕಂಡಿಲ್ಲ" ಅಂತಿತ್ತು. ಸರ್ ಎರಡಕ್ಕೂ ಒಂದೇ ಪೆನ್ನಿನಲ್ಲಿ ಸೈನ್ ಹಾಕಿದರು. ಓದಲಿಲ್ಲ. ಕನ್ನಡಕ ಒಳಗಿನ ಕೋಣೆಯಲ್ಲಿತ್ತು, ಎದ್ದು ಹೋಗೋರು ಯಾರು?

ಸ್ಕಾಲರ್‌ಶಿಪ್ ಯತಿರಾಜನಿಗೆ ಬಂತು. ನನಗೆ ಯಾಕಿಲ್ಲ ಅಂತ ನೀಲಾಂಬಿಕೆ ಸ್ಕಾಲರ್‌ಶಿಪ್ ಕೊಡುವವರಿಗೆ ಮೇಲ್ ಹಾಕಿ ಕೇಳಿದಳು. ಬಹಳ ಮರ್ಯಾದೆಯ ಉತ್ತರ ಬಂತು: ನಿಮ್ಮ ಪ್ರಬಂಧ ಚೆನ್ನಾಗಿದೆ, ಆದರೆ ನಿಮ್ಮ ಗುರುಗಳಿಗೇ ನಿಮ್ಮ ಮೇಲೆ ಪೂರ್ತಿ ಭರವಸೆ ಇದ್ದಂತಿಲ್ಲ.

ಅದನ್ನು ಸರ್‌ಗೆ ತೋರಿಸಿದಳು.

"ನಾನೆಲ್ಲಮ್ಮ ಬರೆದೆ? ನೀನೇ ಬರ್ಕೊಂಡಿದ್ದು."

"ನಿಜ ಬರೆದೆ ಸರ್."

"ನಿಜ ಯಾರಮ್ಮ ಕೇಳಿದ್ರು?"

ರಾಣೇಬೆನ್ನೂರಿನವರು ಹೆಣ್ಣು ನೋಡೋಕೆ ಬಂದ ದಿನವೇ ಯತಿರಾಜ ಬ್ಯಾಂಕಾಕಿನಿಂದ ಒಂದು ಫೋಟೋ ಕಳಿಸಿದ. ಹಾಸ್ಟೆಲ್ ಬಾಗಿಲಿಗೆ ಅಂಟಿಸಿದ ಥಾಯ್ ನೋಟೀಸು. "ನೀಲಾ, ಏನೋ ಬರ್ದಿದ್ದಾರೆ, ಸ್ವಲ್ಪ ಓದಿ ಹೇಳೇ."

ಕೇಸರಿಬಾತಿನ ತಟ್ಟೆ ಕೆಳಗಿಟ್ಟು ಅವಳು ಓದಿದಳು. "ನಾಳೆ ನೀರು ಬರಲ್ವಂತೆ. ಬಕೆಟ್ ತುಂಬಿಸ್ಕೋ" ಅಂತ ಉತ್ತರ ಹಾಕಿದಳು. ಆಮೇಲೆ ತಟ್ಟೆ ಎತ್ತಿಕೊಂಡು, ಸೆರಗು ಸರಿಮಾಡಿಕೊಂಡು, ಹೊರಗೆ ಕೂತವರ ಹತ್ತಿರ ಹೋದಳು.

ನೀತಿ: ನಿಮ್ಮ ಶಿಫಾರಸು ಪತ್ರ ನೀವೇ ಬರೆಯಬೇಕಾಗಿ ಬಂದರೆ ಸಂಕೋಚವನ್ನು ಚಪ್ಪಲಿ ಜೊತೆ ಹೊರಗೆ ಬಿಟ್ಟು ಕೂತ್ಕೊಳ್ಳಿ. ಸೈನ್ ಹಾಕೋರು ಅದನ್ನು ಓದಲ್ಲ, ಓದೋರು ನಿಮ್ಮನ್ನು ನೋಡಿಲ್ಲ.