ಏಳನೇ ಮಣೆಯಲ್ಲಿ ನಕ್ಕ ಗುರ್ಕಾರ

ಬನ್ನಿ ಮಕ್ಕಳೇ, ಹತ್ತಿರ ಕೂತುಕೊಳ್ಳಿ. ಕಡಲ ಕರೆಯ ಒಂದು ರಾಜ್ಯದಲ್ಲಿ ಒಂದು ಪುಟ್ಟ ಇಗರ್ಜಿ. ಅಲ್ಲಿಯ ಜನಕ್ಕೆ ಬಸ್ತ್ಯಾಂವ ಅಂತ ಒಬ್ಬ ಮುಖಂಡ. ಎಲ್ಲರೂ ಅವನನ್ನು ಗುರ್ಕಾರ ಅನ್ನುತ್ತಿದ್ದರು. ದಿನಕ್ಕೆ ಮೂರು ಸಲ ಜಪ ಮಾಡುತ್ತಿದ್ದ, ಅದೂ ಅರ್ಧ ಕಣ್ಣು ತೆರೆದು. ಯಾರು ತಡವಾಗಿ ಬಂದರು ಅಂತ ನೋಡಬೇಕಲ್ಲ!

ಪವಿತ್ರ ಗುರುವಾರ ಬಂತು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ದಿನ. ಅವತ್ತು ಸಂಜೆ ಹನ್ನೆರಡು ಮಣೆ ಹಾಕಿ, ಹನ್ನೆರಡು ಜನರನ್ನು ಕೂರಿಸಿ, ಪಾದ್ರಿಗಳು ಮಂಡಿಯೂರಿ ಅವರ ಕಾಲು ತೊಳೆದು ಮುತ್ತಿಡುವ ಪದ್ಧತಿ. ಮನೆಗೊಬ್ಬರಂತೆ ಸರದಿ. ಶೇಂದಿ ಇಳಿಸುವ ಇನಾಸನಿಗೆ ಹನ್ನೊಂದು ವರ್ಷದ ಮೇಲೆ ಸರದಿ ಬಂದಿತ್ತು. ಹೊಸ ಪಂಚೆ ಉಟ್ಟು ಎಲ್ಲರಿಗಿಂತ ಮೊದಲೇ ಬಂದ.

ಗುರ್ಕಾರ ಬಾಗಿಲಿಗೆ ಅಡ್ಡ ನಿಂತ. "ಥೂ, ಶೇಂದಿ ವಾಸನೆ! ನೀನು ಯೋಗ್ಯನಲ್ಲ, ಹಿಂದೆ ಹೋಗು."

ದೋಣಿಯ ಪೆದ್ರು ಬಂದ. "ಪಾದ್ರಿಗಳ ಪ್ರವಚನದಲ್ಲಿ ಗೊರಕೆ ಹೊಡೆದವನು! ಹಿಂದೆ ಹೋಗು."

ದರ್ಜಿ ಕೈತಾನ ಬಂದ. "ಉಪವಾಸದ ದಿನ ಮೊಟ್ಟೆ ತಿಂದವನು! ಹಿಂದೆ, ಹಿಂದೆ."

ಹೀಗೆ ಹನ್ನೆರಡು ಜನರೂ ಹಿಂದೆ ಹೋದರು. ಇನಾಸ ಗೋಡೆಗೆ ಮುಖ ಮಾಡಿ ಅತ್ತ. ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಅವನ ಹೆಂಡತಿ ನಾತಾಲಿ ಸುಮ್ಮನಿರುವವಳಲ್ಲ. ಪಾದ್ರಿಗಳ ಗಡ್ಡ ಹೊಟ್ಟೆಯವರೆಗೆ ಇತ್ತು. ಗುರ್ಕಾರನಿಗೋ ಅಂಗಾಲಲ್ಲಿ ಬಹಳ ಕಚಗುಳಿ. ಅದನ್ನು ಗುರ್ಕಾರನ ಹೆಂಡತಿಯೇ ಬಾವಿಕಟ್ಟೆಯಲ್ಲಿ ನಾತಾಲಿಗೆ ಹೇಳಿದ್ದಳು.

ನಾತಾಲಿ ಪಾದ್ರಿಗಳಿಗೆ ಹೇಳಿದಳು, "ಸ್ವಾಮಿ, ಊರಲ್ಲಿ ಯೋಗ್ಯರು ಅಂತ ಗುರ್ಕಾರರೊಬ್ಬರೇ ಉಳಿದಿದ್ದಾರೆ. ಹನ್ನೆರಡು ಮಣೆಯಲ್ಲೂ ಅವರೇ ಕೂರಲಿ."

"ಆಗಲಿ," ಅಂದರು ಪಾದ್ರಿಗಳು. ಗುರ್ಕಾರ ಉಬ್ಬಿಹೋದ.

ಮೊದಲನೇ ಮಣೆ. ಮುತ್ತಿಡುವಾಗ ಪಾದ್ರಿಗಳ ಗಡ್ಡ ಅಂಗಾಲಿಗೆ ತಾಗಿತು. ಗುರ್ಕಾರ ತುಟಿ ಕಚ್ಚಿದ. ಎರಡನೇ ಮಣೆ. ಉಸಿರು ಬಿಗಿಹಿಡಿದ. ಮೂರನೇ ಮಣೆ. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಆರರ ತನಕ ಹೇಗೋ ತಡೆದ. ಏಳನೇ ಮಣೆಯಲ್ಲಿ ಮಾತ್ರ, "ಹಿಹಿಹೀ! ಹೊಹ್ಹೊಹ್ಹೋ!" ಅಂತ ಕಾಲು ಝಾಡಿಸಿ ನೆಲಕ್ಕೆ ಉರುಳಿದ. ಇಗರ್ಜಿಯೆಲ್ಲ ಬೆಪ್ಪಾಗಿ ನೋಡಿತು.

ನಾತಾಲಿ ಕೇಳಿದಳು, "ಗುರ್ಕಾರರೇ, ಇಂಥ ದಿನ ಇಗರ್ಜಿಯಲ್ಲಿ ಕೇಕೆ ಹಾಕುವವರು ಯೋಗ್ಯರಾ?"

"ಅಯ್ಯೋ, ಬೇಕಂತ ನಕ್ಕೆನಾ? ತಡೀಲಿಕ್ಕೆ ಆಗಲಿಲ್ಲ ಮಾರಾಯ್ತಿ!"

"ಪೆದ್ರು ಮಾತ್ರ ಬೇಕಂತ ಗೊರಕೆ ಹೊಡೆದನಾ? ರಾತ್ರಿಯಿಡೀ ಕಡಲಲ್ಲಿದ್ದ. ಕೈತಾನನ ಮನೆಯಲ್ಲಿ ಮೊಟ್ಟೆ ಬಿಟ್ಟು ಬೇರೇನಿತ್ತು? ನನ್ನ ಗಂಡ ಮರ ಹತ್ತದಿದ್ದರೆ ನಾವು ಉಣ್ಣುವುದು ಏನನ್ನು? ಯಾವತ್ತಾದರೂ ಕೇಳಿದಿರಾ?"

ಗುರ್ಕಾರ ಎದ್ದು ಹೋಗಿ ಇನಾಸನ ಕೈ ಹಿಡಿದು ಕರೆತಂದ. ಮಿಕ್ಕವರನ್ನೂ ಕರೆತಂದು ಮಣೆಗಳ ಮೇಲೆ ಕೂರಿಸಿದ. ಪಾದ್ರಿಗಳು ಅವನ ಕೈಗೆ ವಸ್ತ್ರ ಕೊಟ್ಟು, "ಒರೆಸು ಮಗಾ," ಅಂದರು. ಅವನು ಮಂಡಿಯೂರಿ ಒಂದೊಂದೇ ಕಾಲು ಒರೆಸಿದ. ಇನಾಸನ ಒಡೆದ ಹಿಮ್ಮಡಿ ಒರೆಸುವಾಗ ಅವನ ಕಣ್ಣು ತುಂಬಿತು.

ನೋಡಿ ಮಕ್ಕಳೇ, ತನ್ನನ್ನು ಶತ್ರುಗಳಿಗೆ ಹಿಡಿದುಕೊಡುತ್ತಾನೆ ಅಂತ ಗೊತ್ತಿದ್ದೂ ಯೇಸುಸ್ವಾಮಿ ತನ್ನ ಶಿಷ್ಯ ಯೂದನ ಕಾಲನ್ನೂ ತೊಳೆದ. ಹಾಗಿರುವಾಗ ಪಕ್ಕದವನ ಯೋಗ್ಯತೆ ಅಳೆಯಲು ನಾವು ಯಾರು? ನಮ್ಮ ಪಾಲಿಗಿರುವುದು ಕಾಲು ತೊಳೆಯುವ ಕೆಲಸ ಮಾತ್ರ.